ನಾಗಯ್ಯನ ಬಹುವಚನ

ಭದ್ರಾವತಿಯ ಓಲ್ಡ್ ಟೌನಿನಲ್ಲಿ ನಾಗಯ್ಯ ಎಂದರೆ ಯಾವ ನಾಗಯ್ಯ ಎಂದು ಕೇಳುತ್ತಾರೆ. ಕ್ರೇನ್ ನಾಗಯ್ಯ ಎಂದರೆ ಮನೆ ತೋರಿಸುತ್ತಾರೆ. ಇಪ್ಪತ್ತೊಂಬತ್ತು ವರ್ಷ ಅವನು ಕಾರ್ಖಾನೆಯಲ್ಲಿ ಕ್ರೇನ್ ಓಡಿಸಿದ. ನೆಲದಿಂದ ನಲವತ್ತು ಅಡಿ ಮೇಲೆ, ಛಾವಣಿಗೆ ಹತ್ತಿರ, ಹಳಿಗಳ ಮೇಲೆ ಆಚೀಚೆ ಸರಿದಾಡುವ ಕ್ರೇನು, ಅದಕ್ಕೆ ನೇತುಬಿದ್ದ ತಗಡಿನ ಗೂಡು, ಗೂಡಿನೊಳಗೆ ನಾಗಯ್ಯ. ಕರಗಿದ ಉಕ್ಕು ತುಂಬಿದ ದೊಡ್ಡ ಬಕೆಟ್ಟನ್ನು, ಅಲ್ಲಿಯವರು ಲೇಡಲ್ ಅನ್ನುತ್ತಾರೆ, ಕೆಳಗಿನವರ ನಡುವಿನಿಂದ ಒಂದು ಹನಿ ತುಳುಕಿಸದೆ ದಾಟಿಸುತ್ತಿದ್ದ. ಅವನ ಕೈಯ ಬಗ್ಗೆ ಯಾರೂ ಎರಡು ಮಾತಾಡುವುದಿಲ್ಲ.

ಕುಡಿಯುತ್ತಿದ್ದ. ಅದರ ಬಗ್ಗೆಯೂ ಎರಡು ಮಾತಿಲ್ಲ. ಆದರೆ ಶಿಫ್ಟಿಗೆ ಮುಂಚೆ ಮುಟ್ಟಿದವನಲ್ಲ. ಶಿಫ್ಟ್ ಮುಗಿದು ಗೇಟು ದಾಟಿದ ಮೇಲೆ, ನ್ಯೂ ಟೌನಿನ ಕ್ವಾರ್ಟರ್ಸಿಗೆ ಬರುವ ದಾರಿಯಲ್ಲಿ, ಹೆಚ್ಚುಕಡಿಮೆ ದಿನವೂ ಕುಡಿಯುತ್ತಿದ್ದ.

ಕುಡಿದು ಬಂದವನು ಬೈಯುತ್ತಿರಲಿಲ್ಲ, ಹೊಡೆಯುತ್ತಿರಲಿಲ್ಲ, ತಟ್ಟೆ ಎಸೆಯುತ್ತಿರಲಿಲ್ಲ. ಮಗಳನ್ನು ಬಹುವಚನದಲ್ಲಿ ಮಾತಾಡಿಸುತ್ತಿದ್ದ.

ಬೆಳಿಗ್ಗೆ "ಏನೇ ಮಧು, ಇನ್ನೂ ಎದ್ದಿಲ್ವಾ ನೀನು?" ಎಂದು ಹೊದಿಕೆ ಎಳೆದವನೇ ಸಂಜೆ ಹೊಸ್ತಿಲಾಚೆ ಚಪ್ಪಲಿ ಬಿಟ್ಟು, ಗೋಡೆ ಹಿಡಿದು ನೆಟ್ಟಗೆ ನಿಂತು, "ಓದ್ತಾ ಇದ್ದೀರಾ? ಓದಿ, ಓದಿ. ಊಟ ಆಯ್ತಾ ತಮ್ದು?" ಅನ್ನುತ್ತಿದ್ದ. ಎಂಟು ವರ್ಷದ ಮಧುಶ್ರೀಗೆ ಮೊದಮೊದಲು ಇದು ಆಟದ ಹಾಗೆ ಕಾಣುತ್ತಿತ್ತು. ಅವಳೂ ಟೀಚರ ಗತ್ತಿನಲ್ಲಿ, "ಆಯ್ತು, ನೀವು ಕೂತ್ಕೊಳ್ಳಿ," ಅನ್ನುತ್ತಿದ್ದಳು. ನಾಗಯ್ಯ ಕೂರುತ್ತಿದ್ದ. ಅಷ್ಟರಲ್ಲಿ ತಾಯಿ ಬಂಗಾರಮ್ಮ ಒಳಗಿನಿಂದ ಬಂದು ಮಗಳ ರಟ್ಟೆ ಹಿಡಿದು ಎಳೆದೊಯ್ಯುತ್ತಿದ್ದಳು. ಆಟವಲ್ಲ ಎಂದು ಮಗುವಿಗೆ ತಿಳಿದದ್ದು ಆ ಹಿಡಿತದಿಂದ.

ಆ ಮನೆಯಲ್ಲಿ ಕುಡಿತ ಎಂಬ ಮಾತನ್ನು ಯಾರೂ ಆಡುತ್ತಿರಲಿಲ್ಲ. ಐದನೇ ಕ್ಲಾಸಿನಲ್ಲಿ ಮಧುಶ್ರೀ ವ್ಯಾಕರಣ ಬಾಯಿಪಾಠ ಮಾಡುವಾಗ, ನಾನು ನಾವು, ನೀನು ನೀವು ಎಂದು ಗಟ್ಟಿಯಾಗಿ ಹೇಳುತ್ತಿದ್ದುದನ್ನು ಒಗ್ಗರಣೆ ಹಾಕುತ್ತಾ ಕೇಳಿಸಿಕೊಂಡ ಬಂಗಾರಮ್ಮನಿಗೆ ಒಂದು ಪದ ಸಿಕ್ಕಿತು. ಅಂದಿನಿಂದ ಬಾಗಿಲ ಸದ್ದಾದರೆ ಅವಳು ಅಡುಗೆಮನೆಯಿಂದಲೇ ಕೇಳುತ್ತಿದ್ದಳು:

"ಏನೇ, ಯಾವ ವಚನ?"

"ಬಹು," ಅನ್ನುತ್ತಿದ್ದಳು ಮಗಳು. ಹಾಗಾದರೆ ಅವನ ತಟ್ಟೆಗೆ ಸಾರು ಕಡಿಮೆ, ಮಜ್ಜಿಗೆ ಜಾಸ್ತಿ, ಮತ್ತು ಆ ಸಂಜೆ ಯಾರ ಮನೆಗೂ ಹೋಗುವಂತಿಲ್ಲ.

ಪದ ಮನೆಯಲ್ಲೇ ಉಳಿಯಲಿಲ್ಲ. ಎದುರು ಕ್ವಾರ್ಟರ್ಸಿನ ಕಲ್ಲಪ್ಪ, ನಾಗಯ್ಯನ ಜೊತೆ ಒಂದೇ ಶಿಫ್ಟಿನಲ್ಲಿ ಫರ್ನೆಸ್ ಕೆಲಸ ಮಾಡುತ್ತಿದ್ದವನು, ಬೇಕೆಂದೇ ಬೀದಿಯಲ್ಲಿ ಕೂಗುತ್ತಿದ್ದ.

"ಏನಯ್ಯ ನಾಗಯ್ಯ, ಇವತ್ತು ಏಕವಚನನೋ ಬಹುವಚನನೋ?"

"ಈಗ ತಾನೆ ಗೇಟು ದಾಟಿದೀನಿ ಮಾರಾಯ. ವ್ಯಾಕರಣ ಇನ್ನೂ ಶುರು ಆಗಿಲ್ಲ."

ಪಕ್ಕದ ಮನೆಗೆ ಹೊಸದಾಗಿ ಬಂದ ಶ್ರೀನಿವಾಸಮೂರ್ತಿ ಎಂಬ ಗುಮಾಸ್ತರಂತೂ ಒಂದು ತಿಂಗಳು ಮೋಸಹೋದರು. ತಮ್ಮ ಹೆಂಡತಿಗೆ ಕೇಳುವಂತೆ, "ನೋಡು, ಕೂಲಿಕೆಲಸದವರ ಮನೆ ಅಂತೀಯ. ಹೆತ್ತ ಮಗಳಿಗೂ ಎಂಥ ಮರ್ಯಾದೆ ಕೊಟ್ಟು ಮಾತಾಡ್ಸ್ತಾನೆ!" ಎಂದು ಹೊಗಳಿದ್ದರು. ವಿಷಯ ತಿಳಿದ ಮೇಲೆ ನಾಗಯ್ಯನನ್ನು ಕಂಡರೆ ಪೇಪರಿನ ಹಿಂದೆ ಮುಖ ಮುಚ್ಚಿಕೊಳ್ಳುತ್ತಿದ್ದರು.

ಮಧುಶ್ರೀ ದೊಡ್ಡವಳಾದಳು. ಅಪ್ಪನ ಬಾಯಿಂದ ಬರುವ ಮೊದಲ ಕ್ರಿಯಾಪದದ ಕೊನೆಗೆ ಕಿವಿ ಕೊಡುವುದು ಅವಳಿಗೆ ಉಸಿರಾಟದಷ್ಟು ಸಹಜವಾಯಿತು. 'ಬಂದ್ಯಾ' ಎಂದರೆ ಚೀಲ ಇಳಿಸುತ್ತಿದ್ದಳು. 'ಬಂದ್ರಾ' ಎಂದರೆ ಚೀಲ ಹೆಗಲಲ್ಲೇ ಇರುತ್ತಿತ್ತು. ಲ್ಯಾಬ್ ಟೆಕ್ನೀಷಿಯನ್ ಕೋರ್ಸ್ ಮುಗಿಸಿ ಶಿವಮೊಗ್ಗದ ದುರ್ಗಿಗುಡಿಯ ಒಂದು ರಕ್ತಪರೀಕ್ಷೆಯ ಲ್ಯಾಬಿಗೆ ಸೇರಿದಾಗ, ಬಂದವರೆಲ್ಲ "ಮೇಡಂ, ನೀವು ಚುಚ್ಚಿದ್ರೆ ನೋಯಲ್ಲ," ಎಂದು ಹೇಳುತ್ತಿದ್ದರು. ಆ 'ನೀವು' ಕೇಳಿದಾಗಲೆಲ್ಲ ಅವಳು ಒಂದು ಹೆಜ್ಜೆ ಹಿಂದೆ ಸರಿಯುತ್ತಿದ್ದಳು. ಅದು ಬಿಟ್ಟುಹೋಗಲು ಆರು ತಿಂಗಳು ಹಿಡಿಯಿತು.

ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ರಕ್ತ ಕೊಡುವವರು ಆರೂವರೆಗೇ ಬಂದು ಕೂರುವುದರಿಂದ ಅವಳು ದುರ್ಗಿಗುಡಿಯಲ್ಲೇ ಒಂದು ರೂಮು ಹಿಡಿದಳು. ಅದೇ ವರ್ಷ ನಾಗಯ್ಯ ಸ್ವಯಂನಿವೃತ್ತಿ ತೆಗೆದುಕೊಂಡ. ಕ್ವಾರ್ಟರ್ಸ್ ಬಿಟ್ಟು ಓಲ್ಡ್ ಟೌನಿನಲ್ಲಿ ಎರಡು ಕೋಣೆಯ ಬಾಡಿಗೆ ಮನೆಗೆ ಬಂದರು. ಶಿಫ್ಟ್ ಇಲ್ಲವಾದ ಮೇಲೆ ಶಿಫ್ಟಿಗೆ ಮುಂಚೆ ಎಂಬುದೂ ಇಲ್ಲವಾಯಿತು. ಬೆಳಿಗ್ಗೆ ಒಂಬತ್ತಕ್ಕೆ ಮಗಳು ಫೋನ್ ಮಾಡಿದರೆ "ಹೇಳಿ, ಆರೋಗ್ಯನಾ ತಾವು?" ಎಂಬ ದನಿ ಬರತೊಡಗಿತು. ಆ ಮನೆ ನಾಲ್ಕು ವರ್ಷ ಒಂದೇ ವಚನದಲ್ಲಿ ನಡೆಯಿತು.

ಕಳೆದ ವರ್ಷ ಅವನಿಗೆ ಕಾಮಾಲೆ ಆಯಿತು. ಮಧುಶ್ರೀ ರಜೆ ಹಾಕಿ, ಅವನನ್ನು ಶಿವಮೊಗ್ಗಕ್ಕೆ ಕರೆತಂದು, ಮೊದಲು ಅದಕ್ಕೆ ಮದ್ದು ಕೊಡಿಸಿ, ಆಮೇಲೆ ಕುಡಿತ ಬಿಡಿಸುವ ವಾರ್ಡಿಗೆ ಸೇರಿಸಿದಳು. ಮೊದಲ ಮೂರು ದಿನ ಕೈ ನಡುಗುತ್ತಿತ್ತು. ಅಲ್ಲಿ ಇಲ್ಲದವರ ಜೊತೆ ಮಾತಾಡುತ್ತಿದ್ದ. ಮಗಳನ್ನು "ಸಿಸ್ಟರ್, ತಾವು" ಎನ್ನುತ್ತಿದ್ದ. ಐದನೆಯ ದಿನ ಮಧ್ಯಾಹ್ನ ಅವಳು ಡಬ್ಬಿ ಹಿಡಿದು ಹೋದಾಗ ಮಂಚದ ಮೇಲೆ ಎದ್ದು ಕೂತಿದ್ದ.

"ಏನೇ ಇಷ್ಟೊತ್ತು? ಉಪ್ಪಿನಕಾಯಿ ತಂದ್ಯಾ, ಇಲ್ಲ ಬರೀ ಮೊಸರನ್ನನಾ?"

ಅವಳು ಡಬ್ಬಿಯನ್ನು ಅವನ ಕೈಗೆ ಕೊಟ್ಟು, ನೀರು ತರುತ್ತೇನೆಂದು ಹೊರಗೆ ಹೋಗಿ, ನಲ್ಲಿಯ ಹತ್ತಿರ ನಿಂತು ಅತ್ತು, ನೀರು ಹಿಡಿಯುವುದನ್ನು ಮರೆತು ಹಿಂದಿರುಗಿದಳು.

ಹತ್ತು ತಿಂಗಳು ಏಕವಚನ ನಿಂತಿತು. ನಾಗಯ್ಯ ಮನೆಯಲ್ಲಿ ಕೂತು ಸವೆದ. ಪೇಪರನ್ನು ಎರಡು ಸಲ ಓದುತ್ತಿದ್ದ. ಸೇತುವೆಯವರೆಗೆ ಹೋಗಿ ಹೊಳೆ ನೋಡಿ ಬರುತ್ತಿದ್ದ. ಕೈಗೆ ಕೆಲಸ ಬೇಕು, ಇಲ್ಲದಿದ್ದರೆ ಇದು ನಿಲ್ಲುವುದಿಲ್ಲ ಎಂದು ವಾರ್ಡಿನ ಡಾಕ್ಟರು ಹೇಳಿದ್ದು ಮಧುಶ್ರೀಯ ತಲೆಯಲ್ಲಿ ಕೂತಿತ್ತು. ಅವಳ ಹತ್ತಿರ ತಿಂಗಳಿಗೊಮ್ಮೆ ಶುಗರ್ ನೋಡಿಸಿಕೊಳ್ಳಲು ಬರುತ್ತಿದ್ದ ಜಗದಾಂಬಾ ಎಂಬ ಹಿರಿಯರ ಮಗ ಜ್ಞಾನೇಶ್, ಮಾಚೇನಹಳ್ಳಿಯ ಕಡೆ ಒಂದು ಫೌಂಡ್ರಿಯಲ್ಲಿ ಮೇಲ್ವಿಚಾರಕ. ತಾಯಿಯನ್ನು ಕರೆದುಕೊಂಡು ಬಂದವನು ಒಂದು ದಿನ ಬೆಂಚಿನ ಮೇಲೆ ಕೂತು, ಲೇಡಲ್ ಕ್ರೇನಿಗೆ ಕೈಪಳಗಿದವರು ಸಿಗುತ್ತಿಲ್ಲ, ಹುಡುಗರಿಗೆ ಕಲಿಸುವವರೂ ಇಲ್ಲ ಎಂದು ಯಾರಿಗೋ ಫೋನಿನಲ್ಲಿ ಹೇಳುತ್ತಿದ್ದ. ಮಧುಶ್ರೀ ಕೈಗವಸು ತೆಗೆದು ಹತ್ತಿರ ಹೋದಳು. ಏನನ್ನೂ ಮುಚ್ಚಿಡಲಿಲ್ಲ. ಕುಡಿಯುತ್ತಿದ್ದರು, ಬಿಟ್ಟಿದ್ದಾರೆ, ಹತ್ತು ತಿಂಗಳಾಯಿತು ಎಂದಳು.

ಜ್ಞಾನೇಶ್ ಫೋನನ್ನು ಜೇಬಿಗಿಟ್ಟ. "ತಲೆ ಮೇಲೆ ಕಾದ ಲೋಹ ಹೋಗತ್ತೆ ಮೇಡಂ. ಕೆಳಗೆ ಹನ್ನೆರಡು ಜನ ಇರ್ತಾರೆ."

"ಗೊತ್ತು ಸರ್. ಏನಾದ್ರೂ ಅನುಮಾನ ಬಂದ್ರೆ ನಾನೇ ನಿಮಗೆ ಹೇಳ್ತೀನಿ."

ಆ ಮಾತಿನ ಮೇಲೆ ನಾಗಯ್ಯನಿಗೆ ಕೆಲಸ ಸಿಕ್ಕಿತು. ಮೊದಲ ಮೂರು ವಾರ ಗುಜರಿ ಎತ್ತುವ ಸಣ್ಣ ಕ್ರೇನು. ನಾಲ್ಕನೇ ವಾರದ ಗುರುವಾರ ಎರಕ ಹೊಯ್ಯುವ ದಿನ. ಅಂದು ಮೊದಲ ಬಾರಿಗೆ ಅವನು ಲೇಡಲ್ ಕ್ರೇನ್ ಹತ್ತಬೇಕು. ಹಿಂದಿನ ದಿನವೇ ಬಂಗಾರಮ್ಮ ಅವನ ಶರಟಿಗೆ ಇಸ್ತ್ರಿ ಹಾಕಿಸಿಟ್ಟಿದ್ದಳು.

ಗುರುವಾರ ಬೆಳಿಗ್ಗೆ ಹತ್ತು ಗಂಟೆ ಸುಮಾರಿಗೆ ಲ್ಯಾಬಿನಲ್ಲಿ ಜನ ಕಡಿಮೆಯಾದಾಗ ಮಧುಶ್ರೀ ಫೋನ್ ಮಾಡಿದಳು. ಏನೂ ಕೆಲಸವಿರಲಿಲ್ಲ. ಹುಷಾರು ಅನ್ನಬೇಕೆನಿಸಿತ್ತು, ಅಷ್ಟೆ.

"ಹಾಂ, ಹೇಳಿ," ಅಂದ ನಾಗಯ್ಯ.

ಅವಳು ಫೋನನ್ನು ಕಿವಿಗೆ ಒತ್ತಿಕೊಂಡಳು.

"ತಿಂಡಿ ಆಯ್ತಾ ತಮ್ದು? ನಾನೀಗ ಮೇಲೆ ಹತ್ತಬೇಕು. ಆಮೇಲೆ ಮಾತಾಡೋಣ, ಇಟ್ಟುಬಿಡಿ."

ಫೋನ್ ಕಟ್ಟಾಯಿತು. ಮತ್ತೆ ಮಾಡಿದಳು. ಎತ್ತಲಿಲ್ಲ. ಮೇಲೆ ಹೋಗುವವರು ಫೋನನ್ನು ಕೆಳಗೇ ಇಟ್ಟು ಹೋಗಬೇಕು. ಇನ್ನೊಮ್ಮೆ ಮಾಡಿದಳು. ಕೌಂಟರಿನಲ್ಲಿ ಯಾರೋ ರಿಪೋರ್ಟ್ ಕೇಳುತ್ತಿದ್ದರು. ಇಪ್ಪತ್ತು ವರ್ಷದಲ್ಲಿ ಆ ಬಹುವಚನ ಒಂದು ಸಲವೂ ಸುಳ್ಳಾಗಿರಲಿಲ್ಲ. ಅವಳ ಕಣ್ಣಿಗೆ ಬಂದದ್ದು ಅಪ್ಪನಲ್ಲ, ಕೆಳಗಿನ ಹನ್ನೆರಡು ಜನ. ಜ್ಞಾನೇಶನ ನಂಬರು ಒತ್ತಿದಳು.

"ಸರ್, ನಮ್ಮಪ್ಪನ್ನ ಕೆಳಗಿಳಿಸಿ."

"ಯಾಕೆ ಮೇಡಂ?"

"ಇಳಿಸಿ ಸರ್. ಕುಡಿದಿದ್ದಾರೆ."

ಆಗ ನಾಗಯ್ಯ ಏಣಿಯ ಅರ್ಧದಲ್ಲಿದ್ದ. ಕೆಳಗಿನಿಂದ ಕೈಬೀಸಿ ಕರೆದರು. ಇಳಿದ. ಸುತ್ತ ಎಲ್ಲರೂ ನಿಂತಿದ್ದರು. ಜ್ಞಾನೇಶ್ ಅವನನ್ನು ಪಕ್ಕಕ್ಕೆ ಕರೆಯಬೇಕೆಂದಿದ್ದವನು, ಗಾಬರಿಯಲ್ಲಿ ಅಲ್ಲೇ ಕೇಳಿಬಿಟ್ಟ.

"ಸ್ವಲ್ಪ ಬಾಯಿ ತೆರೀರಿ ನಾಗಯ್ಯನೋರೆ."

ನಾಗಯ್ಯ ಬಾಯಿ ತೆರೆದ. ಜ್ಞಾನೇಶ್ ಮೂಸಿದ. ಬಂದದ್ದು ಉಪ್ಪಿಟ್ಟಿನ ಈರುಳ್ಳಿಯ ವಾಸನೆ. ಇನ್ನೊಮ್ಮೆ ಮೂಸಿದ. ಅದೇ.

"ಯಾರು ಹೇಳಿದ್ದು?" ಅಂದ ನಾಗಯ್ಯ.

ಜ್ಞಾನೇಶನಿಗೆ ಸುಳ್ಳು ಹೇಳಿ ಅಭ್ಯಾಸವಿಲ್ಲ. "ಮೇಡಂ," ಅಂದ.

ನಾಗಯ್ಯ ಹೆಲ್ಮೆಟ್ ತೆಗೆದು, ಅದರೊಳಗೆ ಕೈಗವಸು ಇಟ್ಟು, ಜ್ಞಾನೇಶನ ಕೈಗೆ ಕೊಟ್ಟು, ಗೇಟಿನ ಕಡೆ ನಡೆದ. ಎರಕ ಕಾಯುವುದಿಲ್ಲ. ಬೇರೆಯವನನ್ನು ಹತ್ತಿಸಿದರು.

ಹತ್ತು ನಿಮಿಷದ ನಂತರ ಜ್ಞಾನೇಶ್ ಫೋನ್ ಮಾಡಿ ವಿಷಯ ಹೇಳಿದ. ಮಧುಶ್ರೀಗೆ ಅರ್ಥವಾಗಲಿಲ್ಲ. "ಆದ್ರೆ ನನ್ ಹತ್ರ ತಾವು ಅಂತ ಮಾತಾಡಿದ್ರು ಸರ್," ಅಂದಳು. ಹಾಗೆ ಹೇಳಿದ ಮೇಲೆ ಅದು ಹೊರಗಿನವರಿಗೆ ಹೇಗೆ ಕೇಳಿಸುತ್ತದೆ ಎಂಬುದು ಮೊದಲ ಬಾರಿಗೆ ಅವಳಿಗೆ ಕೇಳಿಸಿತು.

"ಅಯ್ಯೋ, ನಾವೆಲ್ಲ ಪಕ್ಕದಲ್ಲೇ ನಿಂತಿದ್ವಿ ಮೇಡಂ. ಎಲ್ರೂ ನಿಮ್ಮನ್ನ ಮೇಡಂ ಮೇಡಂ ಅಂತಿದ್ವಿ. ನಮ್ಮೆದುರಿಗೆ 'ಏನೇ' ಅನ್ನೋಕೆ ಅವರಿಗೆ ಸಂಕೋಚ ಆಗಿರಬೇಕು."

ಆ ಸಂಜೆ ಏಳಕ್ಕೆ ನಾಗಯ್ಯನೇ ಫೋನ್ ಮಾಡಿದ.

"ಏನೇ, ಉಂಡ್ಯಾ?"

"ಅಪ್ಪ..."

"ಹೋಗ್ಲಿ ಬಿಡು. ನೀನು ತಪ್ಪು ತಿಳ್ಕೊಂಡೆ, ಅಷ್ಟೆ. ಉಂಡು ಮಲ್ಕೋ."

ಏಕವಚನ. ಇಷ್ಟಾದರೂ ಕುಡಿದಿಲ್ಲ ಎಂದುಕೊಂಡು ಊಟ ಮಾಡಿದಳು.

ಮರುದಿನ ಬಂಗಾರಮ್ಮನ ಫೋನ್ ಬಂತು. ಮಗಳ ಮೇಲೆ ಅವಳಿಗೆ ಅಷ್ಟು ಸಿಟ್ಟು ಬಂದದ್ದನ್ನು ಮಧುಶ್ರೀ ಯಾವತ್ತೂ ಕಂಡಿರಲಿಲ್ಲ.

"ನಿನ್ನೆ ಕುಡ್ಕೊಂಡು ಬಂದ್ರು ಕಣೇ. ಹನ್ನೊಂದು ತಿಂಗಳು ಮುಟ್ಟಿರ್ಲಿಲ್ಲ."

"ನನ್ನ ಹತ್ರ ನೀನು ಅಂತಾನೇ ಮಾತಾಡಿದ್ನಲ್ಲಮ್ಮ!"

"ಹೂಂ. ಫೋನ್ ಮಾಡೋಕ್ ಮುಂಚೆ ಹೊಸ್ತಿಲ ಮೇಲೆ ಕೂತು ಬಾಯಿಪಾಠ ಮಾಡಿದ್ರು. ಏನೇ ಉಂಡ್ಯಾ, ಏನೇ ಉಂಡ್ಯಾ ಅಂತ. ಎರಡು ಸಲ 'ಉಂಡ್ರಾ' ಅಂತ ಬಂತು. ತಲೆ ಚಚ್ಕೊಂಡು ಮೂರನೇ ಸಲ ಸರಿ ಮಾಡ್ಕೊಂಡ್ರು."

ಮಧುಶ್ರೀ ನಿಂತಲ್ಲೇ ಕೂತಳು.

"ನೀನು ಆ ಬಹುವಚನನ ಏನಂದ್ಕೊಂಡಿದ್ದೀಯ? ಅಮಲು ಅಂದ್ಕೊಂಡಿದ್ದೀಯ ಅಲ್ವಾ? ಇವ್ರ ಅಪ್ಪನೂ ಕುಡೀತಿದ್ದ. ಕುಡಿದು ಬಂದು ಇವ್ರ ಅಕ್ಕನ್ನ ನೀನು ಅಂತ ಶುರು ಮಾಡ್ತಿದ್ದ; ನೀನು ಆದ್ಮೇಲೆ ಲೇ; ಲೇ ಆದ್ಮೇಲೆ ಬಾಯಲ್ಲಿ ಹೇಳಬಾರದ್ದು. ನೀನು ಹುಟ್ಟಿದಾಗ ಇವ್ರು ನಂಗೆ ಅಂದಿದ್ರು. ಕುಡಿಯೋದು ಬಿಡಕ್ಕಾಗತ್ತೋ ಇಲ್ವೋ ಗೊತ್ತಿಲ್ಲ ಬಂಗಾರಿ, ಆದ್ರೆ ಕುಡಿದ ಬಾಯಲ್ಲಿ ಈ ಮಗೂನ ನೀನು ಅನ್ನಲ್ಲ. ತಾವು ಅಂತ ಶುರು ಮಾಡಿದ್ರೆ ಬೈಗುಳ ಮುಂದಕ್ಕೆ ಹೋಗಕ್ಕೆ ದಾರಿ ಇರಲ್ಲ, ಅಂತ."

"ನಂಗ್ಯಾಕೆ ಹೇಳ್ಲಿಲ್ಲ?"

"ಏನಂತ ಹೇಳೋದು? ಕುಡ್ಕನ ಮೇಲೆ ಮಗಳಿಗೆ ಪ್ರೀತಿ ಬರಲಿ ಅಂತಾನಾ?" ಎಂದು ಬಂಗಾರಮ್ಮ ಫೋನ್ ಇಟ್ಟಳು.

ಭಾನುವಾರ ಮಧ್ಯಾಹ್ನ ಲ್ಯಾಬ್ ಮುಚ್ಚಿದ ಮೇಲೆ ಮಧುಶ್ರೀ ಭದ್ರಾವತಿಗೆ ಬಸ್ ಹತ್ತಿದಳು. ನಾಗಯ್ಯ ಮನೆಯ ಮುಂದೆ ಕೂತು ಬಂಗಾರಮ್ಮನ ಮಿಕ್ಸಿ ಬಿಚ್ಚಿ ಹಾಕಿದ್ದ. ಮಗಳನ್ನು ಕಂಡು, "ಬಸ್ಸಲ್ಲಿ ಸೀಟ್ ಸಿಕ್ತಾ?" ಅಂದ. ಸ್ವಲ್ಪ ಹೊತ್ತಿನ ಮೇಲೆ, "ಊಟ ಆಯ್ತಾ?" ಅಂದ. ಆಮೇಲೆ, "ಲ್ಯಾಬಿಗೆ ರಜನಾ ನಾಳೆ?" ಅಂದ.

ಅವಳು ಕಿವಿ ಕೊಟ್ಟು ಕೇಳಿದಳು. ಸೀಟು ಸಿಕ್ಕಿತು, ಊಟ ಆಯಿತು. ಯಾವುದರ ಕೊನೆಗೂ ನೀನು ಇರಲಿಲ್ಲ, ನೀವೂ ಇರಲಿಲ್ಲ. ಕನ್ನಡದಲ್ಲಿ ಹೀಗೂ ಒಬ್ಬರ ಜೊತೆ ದಿನವಿಡೀ ಮಾತಾಡಬಹುದೆಂದು ಅವಳಿಗೆ ಗೊತ್ತಿರಲಿಲ್ಲ. ಮಧ್ಯಾಹ್ನವೆಲ್ಲ ಹಾಗೇ ಕಳೆಯಿತು. ಕಾಫಿ ಬೇಕಾ, ಫ್ಯಾನ್ ಹಾಕೋದಾ, ಕೊನೇ ಬಸ್ ಎಷ್ಟೊತ್ತಿಗೆ. ಇನ್ನು ಮುಂದೆ ಅವನ ಮಾತಿನಿಂದ ಏನೂ ತಿಳಿಯಲಾರದು.

ನಾಲ್ಕು ಗಂಟೆಗೆ ಜ್ಞಾನೇಶನ ಫೋನ್ ಬಂತು. ನಾಗಯ್ಯ ಎತ್ತಲಿಲ್ಲವೆಂದು ಮಗಳಿಗೇ ಮಾಡಿದ್ದ. ತಪ್ಪು ನಮ್ಮದು, ನಾಳೆಯಿಂದ ಬರಲಿ, ಗುರುವಾರದ ಎರಕಕ್ಕೆ ಅವರೇ ಇರಲಿ ಎಂದ. ಸಂಜೆಯೊಳಗೆ ಹೇಳುತ್ತೇನೆಂದು ಮಧುಶ್ರೀ ಫೋನ್ ಇಟ್ಟಳು. ಅಂಗಳಕ್ಕೆ ಬಂದು ಮಿಕ್ಸಿಯ ಸ್ಕ್ರೂಗಳ ಪಕ್ಕ, ಅಪ್ಪನ ಎದುರಿಗೆ ನೆಲದ ಮೇಲೆ ಕೂತಳು.

"ಅಪ್ಪ, ಕುಡಿದಿದ್ದೀಯಾ?"

ನಾಗಯ್ಯನ ಕೈಯಲ್ಲಿದ್ದ ಸ್ಕ್ರೂಡ್ರೈವರ್ ನಿಂತಿತು. ಒಳಗೆ ಪಾತ್ರೆ ತೊಳೆಯುತ್ತಿದ್ದ ಬಂಗಾರಮ್ಮ ನಲ್ಲಿ ನಿಲ್ಲಿಸಿದಳು. ಆ ಪ್ರಶ್ನೆಯನ್ನು ಆ ಮನೆಯಲ್ಲಿ ಯಾರೂ ಯಾವತ್ತೂ ಕೇಳಿರಲಿಲ್ಲ. ಕೇಳುವ ಅಗತ್ಯವೇ ಬಾರದಂತೆ ಅವರು ಮೂವರೂ ಸೇರಿ ಇಪ್ಪತ್ತು ವರ್ಷ ನಡೆಸಿಕೊಂಡು ಬಂದಿದ್ದರು.

"ಇವತ್ತು ಇಲ್ಲ," ಅಂದ ನಾಗಯ್ಯ.

"ಗುರುವಾರ?"

"ಹೂಂ. ಗುರುವಾರ ಕುಡ್ದೆ."

"ಶುಕ್ರವಾರ?"

"ಇಲ್ಲ. ನಿನ್ನೇನೂ ಇಲ್ಲ. ಬಾಟ್ಲಿಲಿ ಉಳಿದಿದ್ದನ್ನ ನಿಮ್ಮಮ್ಮ ಚೆಲ್ಲಿದ್ಲು."

"ನಾನು ಅವತ್ತು ನಿನ್ನನ್ನೇ ಕೇಳ್ಬೇಕಿತ್ತು. ಕೇಳ್ದೆ ಇಳಿಸಿದೆ. ತಪ್ಪಾಯ್ತು ಅಪ್ಪ."

ನಾಗಯ್ಯ ಒಂದು ಸ್ಕ್ರೂ ಎತ್ತಿ ನೋಡಿ ಕೆಳಗಿಟ್ಟ. "ಕ್ರೇನಲ್ಲಿ ಒಂದು ರೂಲ್ ಇದೆ," ಅಂದ. "ಎತ್ತು, ಇಳಿಸು, ಆಚೆ, ಈಚೆ, ಅದನ್ನೆಲ್ಲ ಸಿಗ್ನಲ್ ಕೊಡೋನು ಮಾತ್ರ ಹೇಳ್ಬೇಕು. ನಿಲ್ಲಿಸು ಅಂತ ಯಾರು ಬೇಕಾದ್ರೂ ಹೇಳ್ಬೋದು. ಕಸ ಗುಡಿಸೋಳು ಕೈ ಎತ್ತಿದ್ರೂ ನಿಲ್ಲಿಸ್ಬೇಕು. ಯಾಕೆ ನಿಲ್ಲಿಸಿದ್ಯೇ ಅಂತ ಆಮೇಲೂ ಅವಳ ಮೇಲೆ ರೇಗೋ ಹಾಗಿಲ್ಲ. ರೇಗಿದ್ರೆ ಇನ್ನೊಂದು ಸಲ ಹೆದರ್ಕೊಂಡು ಕೈ ಎತ್ತಲ್ಲ ಅವಳು." ಇನ್ನೊಂದು ಸ್ಕ್ರೂ ಎತ್ತಿಕೊಂಡು, "ಆದ್ರೂ ಬಾಯಿ ಮೂಸ್ಬಾರ್ದಿತ್ತು ಆ ಹುಡ್ಗ," ಅಂದ.

"ಗುರುವಾರದ್ದು ಜ್ಞಾನೇಶ್ ಸರ್‌ಗೆ ಹೇಳ್ಬೇಕು ಅಪ್ಪ. ನಾನು ಮಾತು ಕೊಟ್ಟಿದ್ದೀನಿ."

"ನೀನ್ಯಾಕೆ? ನಂದು ನಾನೇ ಹೇಳ್ತೀನಿ."

ಹೇಳಿದ. ಮಗಳ ಎದುರಿಗೇ ಫೋನ್ ಮಾಡಿ, ನಿಮ್ಮ ಅನುಮಾನ ಬೆಳಿಗ್ಗೆ ಸುಳ್ಳಾಗಿತ್ತು ಸಾರ್, ಸಂಜೆ ನಿಜ ಆಯ್ತು ಎಂದ. ಜ್ಞಾನೇಶ್ ಅವನನ್ನು ಕೆಲಸದಿಂದ ಬಿಡಿಸಲಿಲ್ಲ, ಆದರೆ ಲೇಡಲ್ ಕ್ರೇನಿಗೂ ಹತ್ತಿಸಲಿಲ್ಲ. ಎರಡು ತಿಂಗಳು ಗುಜರಿ ಎತ್ತಿಸಿದ. ಅಷ್ಟರಲ್ಲಿ ಫೌಂಡ್ರಿಯ ಗೇಟಿನಲ್ಲಿ ಊದಿ ತೋರಿಸುವ ಮೆಷಿನ್ ಬಂತು. ಜ್ಞಾನೇಶನೂ ಸೇರಿ ಎಲ್ಲರೂ ಊದಿಯೇ ಒಳಗೆ ಹೋಗಬೇಕಾಯಿತು. ನಾಗಯ್ಯನ ದೆಸೆಯಿಂದ ಬಂದ ಪೀಪಿ ಎಂದು ಕೆಲಸಗಾರರು ತಮಾಷೆ ಮಾಡಿದರು. ಆ ಎರಡು ತಿಂಗಳಲ್ಲಿ ನಾಗಯ್ಯ ಇನ್ನೊಂದು ಸಲ ಕುಡಿದ. ಅಂದು ಭಾನುವಾರ. ಮಗಳು ಕೇಳಿದಳು, ಹೂಂ ಅಂದ, ಸೋಮವಾರ ಕೆಲಸಕ್ಕೆ ಹೋಗಲಿಲ್ಲ. ಮಂಗಳವಾರ ಹೋದ.

ಮಧುಶ್ರೀ ದಿನವೂ ಕೇಳುತ್ತಾಳೆ. ಮೊದಲ ವಾರ ಆ ಐದು ಅಕ್ಷರ ಬಾಯಿಗೆ ಬರಲು ಅವಳಿಗೆ ಫೋನನ್ನು ಕೈಯಿಂದ ಕೈಗೆ ಬದಲಾಯಿಸಬೇಕಾಗುತ್ತಿತ್ತು. ಈಗ ಮಳೆ ಬಂತಾ ಎಂದು ಕೇಳಿದ ಹಾಗೆ ಕೇಳುತ್ತಾಳೆ. ಅವನೂ ಹಾಗೆಯೇ ಉತ್ತರಿಸುತ್ತಾನೆ.

ಈ ಗುರುವಾರ ಅವನನ್ನು ಮತ್ತೆ ಲೇಡಲ್ ಕ್ರೇನಿಗೆ ಹಾಕಿದರು. ಹತ್ತು ಗಂಟೆಗೆ ಮಧುಶ್ರೀ ಲ್ಯಾಬಿನ ಹಿಂಬಾಗಿಲಿಗೆ ಬಂದು ಫೋನ್ ಮಾಡಿದಳು. ಆ ಕಡೆ ಫರ್ನೆಸ್ಸಿನ ಮೊರೆತ, ಜನರ ಗದ್ದಲ, ಯಾರೋ ಯಾರನ್ನೋ ತಮಿಳಿನಲ್ಲಿ ಬೈಯುವುದು, ಜ್ಞಾನೇಶನ ದನಿ, ಎಲ್ಲವೂ ಕೇಳಿಸಿತು. ಎಲ್ಲರೂ ಅಲ್ಲೇ ಇದ್ದಾರೆಂದು ಅವಳಿಗೆ ಗೊತ್ತಾಯಿತು. ಆದರೂ ಕೇಳಿದಳು.

"ಅಪ್ಪ, ಕುಡಿದಿದ್ದೀಯಾ?"

"ಇಲ್ಲ ಕಣೇ," ಅಂದ ನಾಗಯ್ಯ, ಗದ್ದಲದ ಮೇಲೆ ಕೇಳಿಸಲೆಂದು ಗಟ್ಟಿಯಾಗಿ. ಪಕ್ಕದಲ್ಲಿ ಯಾರೋ ನಕ್ಕರು. "ಹತ್ಲಾ?"

"ಹತ್ತು," ಅಂದಳು.